ತವರಿನ ಕೆಂಪು

ಕೆಂಪಿನ ಗುಟ್ಟನ್ನು ಬಿಟ್ಟುಕೊಟ್ಟವಳು ನಾನು, ನಮ್ಮ ಅತ್ತಿಗೆಯಲ್ಲ. ಹದಿನೈದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡೆ, ನಕ್ಕೆ—ಇನ್ನು ನನ್ನ ಕೈಲಾಗದು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕಲ್ಯಾಣದುರ್ಗದ ನಮ್ಮ ತವರಿನವರು ನೂಲಿಗೆ ಹಾಕುತ್ತಿದ್ದ ಕೆಂಪು ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಬಣ್ಣ ಕಚ್ಚಿಸುವ ಅಳಲೆಕಾಯಿ, ಪಟಿಕ ಎಲ್ಲ ನೇಕಾರರ ಮನೆಯಲ್ಲೂ ಇತ್ತು. ಯಾವುದನ್ನು ಯಾವಾಗ, ಎಷ್ಟು ಹಾಕಬೇಕೆನ್ನುವುದು ಮಾತ್ರ ನಮ್ಮ ಮನೆಯ ಸೊತ್ತು. ಅದನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗಲ್ಲ—ಮಗಳು ಇನ್ನೊಬ್ಬರ ಮನೆ ಸೇರುವವಳಲ್ಲವೇ. ಬೆಳುಗುಪ್ಪದಿಂದ ಬಂದ ಅತ್ತಿಗೆ ವರ್ಷದೊಳಗೆ ಕಲಿತಳು. ಹುಟ್ಟಿದ ಮನೆಯಲ್ಲೇ ಹೊರಗಿನವಳಾದೆನಲ್ಲ ಎಂದು ನಾನು ಕಣ್ಣೀರಿಟ್ಟೆ. ಅವಳ ಕರುಳು ಕರಗಿತು. ಅಪ್ಪ ಸಂತೆಗೆ ಹೋದ ದಿನ ನನ್ನನ್ನು ಬಣ್ಣದ ಬಾನಿಯ ಪಕ್ಕ ಕೂರಿಸಿಕೊಂಡು ಎಲ್ಲ ತೋರಿಸಿದಳು. "ಯಾರ ಕೂಡೂ ಏಳ್ಬ್ಯಾಡ ಕಣಮ್ಮ," ಅಷ್ಟೇ ಅಂದದ್ದು.

ಮದುವೆಯಾಗಿ ಹಿಂದೂಪುರಕ್ಕೆ ಬಂದೆ. ಗಂಡನ ಮನೆಯವರೂ ನೇಯುವವರೇ, ಆದರೆ ಅವರ ಕೆಂಪು ಮೊದಲ ಒಗೆತಕ್ಕೇ ಬಿಡುತ್ತಿತ್ತು. ಗಂಡ ಬಲವಂತ ಮಾಡಲಿಲ್ಲ—ಅದನ್ನೂ ಹೇಳಿಬಿಡುತ್ತೇನೆ. ನಾನಾಗಿಯೇ ಹೇಳಿಕೊಟ್ಟೆ. ಆ ಮನೆಯಲ್ಲಿ ನನಗೊಂದು ಬೆಲೆ ಬರಲಿ ಅಂತ... ಬಂತು ಕೂಡ. ಗಂಡ ಸೀರೆಗಳಿಗೆ ತನ್ನ ಹೆಸರಿನ ಲೇಬಲ್ ಅಚ್ಚು ಹಾಕಿಸಿ, ಅದನ್ನು ರಿಜಿಸ್ಟರ್ ಕೂಡ ಮಾಡಿಸಿದ.

ಆ ಸೀರೆ ಸಂತೆಯಲ್ಲಿ ಕಣ್ಣಿಗೆ ಬಿದ್ದದ್ದೇ ಅಪ್ಪ ವಕೀಲರ ಹತ್ತಿರ ಓಡಿದ. ಅವರು, "ಲೇಬಲ್ಲಿಗೆ ನಿಮ್ಮ ಅಳಿಯನ ಹತ್ರ ಕಾಗದ ಐತೆ. ಬಣ್ಣಕ್ಕೆ ನಿಮ್ಮ ಹತ್ರ ಏನೈತೆ?" ಎಂದು ಕೇಳಿ ಕಳಿಸಿದರು.

ಆ ಯುಗಾದಿಗೆ ನಾನು ತವರಲ್ಲಿದ್ದೆ. ಅಪ್ಪ ಎಲ್ಲರೆದುರಿಗೆ ಕೇಳಿದ: "ಅಳಿಯಂಗೆ ಯಾರಮ್ಮ ಏಳಿದ್ದು?"

ನಾನು ಅತ್ತಿಗೆಯ ಕಡೆ ನೋಡದೆ ಅಂದೆ: "ನಂಗೇನ್ ಗೊತ್ತಪ್ಪ. ಅತ್ತಿಗೆ ತಮ್ಮ ಹಿಂದೂಪುರದ ನಮ್ಮನೆಗೆ ಬಂದೋಗ್ತಿದ್ದ."

ಆ ಹುಡುಗ ಬಂದದ್ದು ಒಂದೇ ಸಲ, ದಾರಿಯಲ್ಲಿ ನೀರು ಕುಡಿಯಲು. ಅತ್ತಿಗೆ ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ—ಯಾಕೆ ಹೇಳಲಿಲ್ಲವೋ... ಸಂಜೆಯೊಳಗೆ ಅವಳನ್ನು ಬೆಳುಗುಪ್ಪಕ್ಕೆ ಕಳಿಸಿಬಿಟ್ಟರು. ಅಪ್ಪ ಅಳಿಯನ ಮುಖ ನೋಡುವುದನ್ನು ಬಿಟ್ಟ, ನನ್ನನ್ನು ಬಿಡಲಿಲ್ಲ. ಅಪ್ಪ ಇರುವವರೆಗೆ ಅಣ್ಣ ಇನ್ನೊಂದು ಮದುವೆಗೆ ಒಪ್ಪಲಿಲ್ಲ. ಅಪ್ಪ ಹೋದ ಮೇಲೆ ನೆಂಟರ ಮಾತಿಗೆ ಮಣಿದ.

ಕಳೆದ ತಿಂಗಳು ಬೆಳುಗುಪ್ಪಕ್ಕೆ ಹೋದೆ. ಅತ್ತಿಗೆ ಯಾರದೋ ಜಗಲಿಯಲ್ಲಿ ಕೂಲಿಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಕಾಲು ಹಿಡಿದು ಎಲ್ಲ ಹೇಳಿದೆ. ಅಣ್ಣನಿಗೂ ಹೇಳುತ್ತೇನೆ ಅಂದೆ. ಅವಳ ಕೈ ನಿಲ್ಲಲಿಲ್ಲ.

"ಈಗ ನಿಮ್ಮಣ್ಣನ ಎಂಡ್ತಿ ಮಕ್ಳು ಏನ್ ತಪ್ಪು ಮಾಡವ್ರೆ? ಬ್ಯಾಡ ಬಿಡು. ನಿಮ್ಮಪ್ಪ ಇರೋವಾಗ ಏಳಿದ್ರೆ ನಾನು ವಾಪಸ್ ಬತ್ತಿದ್ದೆ ಕಣಮ್ಮ."

ಅಪ್ಪ ಆಮೇಲೆ ಆರು ವರ್ಷ ಬದುಕಿದ್ದ. ಆರು ಯುಗಾದಿಗೂ ನಾನು ತವರಿಗೆ ಹೋಗಿದ್ದೆ, ಅವನ ಪಕ್ಕದಲ್ಲೇ ಕೂತು ಉಂಡಿದ್ದೆ.