ನೆಲ ಮುಟ್ಟಲು ಕಲಿಸಿದ ಅತ್ತೆ

ನಮ್ಮತ್ತೆಯ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಕೈಬೆರಳುಗಳ ಹಾಗೆ ಹತ್ತೂ ಬಿಡಿಬಿಡಿಯಾಗಿ ಅಗಲಿಕೊಂಡು ನೆಲವನ್ನು ಹಿಡಿದಿರುತ್ತಿದ್ದವು. ಅರವತ್ತು ದಾಟಿದ್ದ ಹೆಂಗಸು ತುಂಬಿದ ಕೊಡ ಸೊಂಟಕ್ಕಿಟ್ಟು ಹೊಸ್ತಿಲು ದಾಟಿದರೂ ಸದ್ದಿಲ್ಲ. ಶಾಗ್ಯದಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ, ಅವರು ಹಿಂದೆ ಬಂದು ನಿಂತಿದ್ದು ತಿಳಿಯದೆ ನಾನು ಎಷ್ಟೋ ಸಲ ಬೆಚ್ಚಿದ್ದೇನೆ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ಹಗಲೆಲ್ಲ ಬಗ್ಗಿ ಬಗ್ಗಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ನನ್ನ ಸೊಂಟವೂ ಹೋಯಿತು. ಗೋಡೆ ಹಿಡಿಯದೆ ಏಳಲಾರೆ, ಎದ್ದರೆ ನೆಟ್ಟಗೆ ನಿಲ್ಲಲಾರೆ. ಎಣ್ಣೆ, ಶಾಖ, ಪಟ್ಟು ಎಲ್ಲ ಆಯಿತು. ದೀಪಾವಳಿಗೆ ಬಂಡಳ್ಳಿಯಿಂದ ಬಂದ ನನ್ನ ಗಂಡನ ದೊಡ್ಡಪ್ಪ ಜಗಲಿಯಲ್ಲಿ ಕೂತು, ನನಗೆ ಕೇಳಲೆಂದೇ ಹೇಳಿದರು: “ಇವ್ಳನ್ನ ಅವ್ರಪ್ಪನ್ ಮನ್ಗೆ ಕಳ್ಸ್‌ಬುಡಿ. ನಮ್ಮೂರಲ್ಲೇ ಒಂದು ಎಣ್ಣು ನೋಡಿವ್ನಿ.”

ನನ್ನ ಗಂಡ ತಲೆ ಎತ್ತಲಿಲ್ಲ. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

“ಅವ್ಳ ಬೆನ್ನು ಮುರ್ದಿಲ್ಲ ಬಾವ. ದಾರಿ ಮರ್ತದೆ, ಅಷ್ಟೆಯ. ಯುಗಾದಿಗೆ ಬನ್ನಿ, ಆಮೇಕೆ ಮಾತಾಡುವ.”

ಮರುದಿನ ನಸುಕಿನಲ್ಲೇ ನನ್ನನ್ನು ಹುಳುವಿನ ಕೋಣೆಗೆ ಕರೆದುಕೊಂಡು ಹೋಗಿ ಅಗುಳಿ ಹಾಕಿದರು. ತಮ್ಮ ಸೀರೆಯನ್ನು ಕಚ್ಚೆ ಕಟ್ಟಿದರು. ಒಂದು ಪಾದವನ್ನು ಮೆಲ್ಲಗೆ ಎತ್ತಿ ಇನ್ನೊಂದು ತೊಡೆಗೆ ಒತ್ತಿಟ್ಟು, ಎರಡೂ ಕೈ ಮೇಲೆತ್ತಿ ಜೋಡಿಸಿ ನಿಂತರು. ಹುಳುಗಳು ಸೊಪ್ಪು ಮೇಯುವ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟು ಹೊತ್ತು ನಿಂತರೋ! ಹೊಟ್ಟೆಯೊಂದು ಉಬ್ಬಿ ಇಳಿಯುತ್ತಿತ್ತು, ಅಷ್ಟೇ. ಆಮೇಲೆ ಕಾಲು ಚಾಚಿ ಕೂತು, ಆತುರವಿಲ್ಲದೆ ಬಾಗಿ, ಹಣೆಯನ್ನು ಮಂಡಿಯ ಮೇಲಿಟ್ಟರು. ದಿನಾ ನನ್ನೊಡನೆ ರಾಗಿ ಬೀಸುವ ಹೆಂಗಸು ಇವರೇನಾ ಎಂದು ನನಗೆ ಮೈ ಜುಮ್ಮೆಂದಿತು.

ಅವರ ತವರು ಮೈಸೂರು ಸೀಮೆಯ ಯಳಂದೂರು. ಅಪ್ಪನದು ಗರಡಿಮನೆ. ಅಲ್ಲಿ ಒಂದು ಮಳೆಗಾಲ ತಂಗಿದ್ದ ಸನ್ಯಾಸಿಯೊಬ್ಬರು ಅಣ್ಣಂದಿರಿಗೆ ಆಸನ ಹೇಳಿಕೊಟ್ಟರಂತೆ. ಇವರು ಬಾಗಿಲ ಸಂದಿಯಿಂದ ನೋಡಿ ಕಲಿತರಂತೆ.

“ಒಂದಿನ ಅಪ್ಪ ಕಂಡ್‌ಬುಟ್ರು. ಬಯ್ಯೋ ಬದ್ಲು ಬಾಗ್ಲು ತೆಗುದ್ರು” ಎಂದು ನಕ್ಕರು. ಮದುವೆಯಾದ ಮೇಲೆ ನಲವತ್ತು ವರ್ಷ ಆ ಅಗುಳಿಯ ಹಿಂದೆಯೇ ಅವರ ಸಾಧನೆ. ಮಾವನಿಗೂ ಗೊತ್ತಿರಲಿಲ್ಲ.

ನನಗೆ ಮಾತ್ರ ಯಾವ ಆಸನವನ್ನೂ ಹೇಳಿಕೊಡಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ, “ಮೈ ಎಲ್ಲೆಲ್ಲಿ ನೆಲ ಮುಟ್ತದೆ, ಯೋಳು” ಎಂದರು.

“ಎಲ್ಲ ಕಡೆನೂ ಮುಟ್ತದೆ, ಅತ್ತೆ.”

ಸೊಂಟದ ಕೆಳಗೆ ಅಂಗೈ ತೂರಿಸಿದರು. “ಮತ್ತೆ ನನ್ ಕೈ ಎಂಗೆ ಓಯ್ತು? ಸುಳ್ಳೇಳ್ಬೇಡ ಕಣವ್ವ, ಮೈಗೆ ಗೊತ್ತಾಯ್ತದೆ.”

ಹದಿನೈದು ದಿನ ಅಷ್ಟೇ ಪಾಠ. ಮಲಗುವುದು, ಉಸಿರು ಎಲ್ಲಿಗೆ ಹೋಗಿ ಎಲ್ಲಿ ತಡೆಯುತ್ತದೆ ಎಂದು ನೋಡುವುದು. ಆಮೇಲೆ ಒಂದು ಮಂಡಿ ಮಡಿಸುವುದು. ನಾನು ಹಲ್ಲು ಕಚ್ಚಿದರೆ ಕೂಡಲೇ ನಿಲ್ಲಿಸುತ್ತಿದ್ದರು. “ನೋವ್ನ ಮೇಲೆ ನುಗ್ಬೇಡ. ಅದ್ರ ಬಾಗ್ಲಲ್ಲಿ ನಿಂತ್ಕೊ, ಉಸ್ರು ಬುಡು. ಅದೇ ಒಳಕ್ಕೆ ಕರೀತದೆ.” ಒಂದು ಬೆಳಿಗ್ಗೆ ಅವರ ಅಂಗೈ ನನ್ನ ಸೊಂಟಕ್ಕೂ ಚಾಪೆಗೂ ನಡುವೆ ಸಿಕ್ಕಿಕೊಂಡಿತು. ನನ್ನ ಕಣ್ಣಿನ ನೀರು ಕಿವಿಯೊಳಕ್ಕೆ ಇಳಿಯಿತು.

ಯುಗಾದಿಗೆ ದೊಡ್ಡಪ್ಪ ಬಂದರು. ಅತ್ತೆ ನನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪಂಕ್ತಿಗೆ ಹದಿನಾಲ್ಕು ಎಲೆ ಹಾಕಿಸಿ, ಅನ್ನದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. ಒಂದೊಂದು ಎಲೆಗೂ ಬಗ್ಗಿ ಬಡಿಸಿದೆ, ಬಗ್ಗಿ ಎದ್ದೆ. ಅನ್ನವಾಯಿತು, ಹೋಳಿಗೆಯಾಯಿತು, ತುಪ್ಪವಾಯಿತು. ಎರಡನೇ ಸಲ ಅನ್ನಕ್ಕೆ ಬಗ್ಗಿದಾಗ ದೊಡ್ಡಪ್ಪ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, “ಸಾಕು ಕಣವ್ವ, ಸಾಕು” ಎಂದರು. ಬಂಡಳ್ಳಿಯ ಹೆಣ್ಣಿನ ಮಾತು ಅಲ್ಲಿಗೆ ಮುಗಿಯಿತು.

ಅಲ್ಲಿಯತನಕ ಬೇರೆ ರಾಜ್ಯದಲ್ಲಿದ್ದ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರುತ್ತದಂತೆ ಎಂದು ಅಂಗಡಿಬೀದಿಯಲ್ಲೆಲ್ಲ ಮಾತಿದ್ದ ವರ್ಷ, ಮೂರು ದಿನದ ಜ್ವರಕ್ಕೆ ಅತ್ತೆ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು. ಅದಕ್ಕೆಂದು ಬಂದಿದ್ದ ಕೇರಿಯ ಹಿರಿಯಜ್ಜಿ ಅವರ ಕಾಲಿಗೆ ಕೈ ಹಾಕಿ ಮಡಿಸಿದಳು. ಎರಡೂ ಪಾದ ತಾವಾಗಿಯೇ ಎಂಬಂತೆ ತೊಡೆಗಳ ಮೇಲೆ ಬಂದು ಕೂತವು. ಅಜ್ಜಿ ಕೈ ಹಿಂದಕ್ಕೆ ತೆಗೆದಳು.

“ಎಷ್ಟೋ ಎಣ ಕೂರ್ಸಿವ್ನಿ ಕಣವ್ವ. ಇಂಗೆ ಕೂತೋರ್ನ ಇವತ್ತೇ ಕಂಡಿದ್ದು.”

ನಾನು ಅಳುವುದನ್ನೂ ಮರೆತು ನೋಡುತ್ತ ನಿಂತೆ. ನನ್ನ ಇಬ್ಬರು ಹೆಣ್ಣುಮಕ್ಕಳು ಸೆರಗು ಹಿಡಿದು ನಿಂತಿದ್ದರು. ಆ ದೀಪಾವಳಿಯಂದು ಅತ್ತೆ ಬಾಗಿಲಿಗೆ ಬಂದು ಮಾತಾಡದಿದ್ದರೆ ಆ ಇಬ್ಬರೂ ಹುಟ್ಟುತ್ತಲೇ ಇರಲಿಲ್ಲ.