ಎಬ್ಬಿಸವ್ವ, ಒಂದೀಟು

ಪಾಸ್ಟರಮ್ಮನವರ ಮೊಣಕಾಲು ಕೂರುವಾಗ ಒಂದು ಸದ್ದು ಮಾಡುತ್ತಿತ್ತು, ಏಳುವಾಗ ಇನ್ನೊಂದು. ಕೂರುವಾಗಿನದು ಒಣ ಕಟ್ಟಿಗೆ ಮುರಿದಂತೆ. ಏಳುವಾಗಿನದು ಅವರ ಬಾಯಿಂದಲೇ ಬರುತ್ತಿದ್ದ ‘ಯೇಸಪ್ಪಾ’. ದಪ್ಪ ಮೈ, ಬಿಳಿ ಸೀರೆ, ಎಡಗಾಲಿನ ಚಪ್ಪಲಿಗೆ ಯಾವಾಗಲೂ ಒಂದು ಪಿನ್ನು. ನೆಲಕ್ಕೆ ಕೂತರೆ ತಾವಾಗಿ ಏಳುವುದು ಅವರಿಂದ ಆಗದ ಮಾತು. ಎರಡೂ ಕೈ ಮುಂದೆ ಚಾಚಿ, ಎದುರಿಗೆ ಯಾರಿದ್ದರೆ ಅವರನ್ನು ನೋಡಿ, “ಎಬ್ಬಿಸವ್ವ, ಒಂದೀಟು” ಎನ್ನುತ್ತಿದ್ದರು.

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಇನ್ನೊಬ್ಬರ ಕಿವಿಯಲ್ಲಿ ಉಸುರುವುದು ಬೇಡ. ನಾನು ಗಂಗಾವತಿಯ ಒಂದು ಓಣಿಯಲ್ಲಿ ಆರು ವರ್ಷ ಮೈ ಮಾರಿ ಬದುಕಿದವಳು. ಗಂಡ ಬಿಟ್ಟುಹೋದ ಮೇಲೆ, ಅಕ್ಕಿ ಗಿರಣಿಯಲ್ಲಿ ಕೆಲಸ ಕೊಡಿಸುತ್ತೇನೆಂದು ಒಬ್ಬ ಹೆಂಗಸು ಕರೆತಂದಳು. ಕೊಡಿಸಿದ್ದು ಈ ಕೆಲಸ. ಮಗಳು ಯಲಬುರ್ಗಾ ಕಡೆಯ ನನ್ನ ತವರಿನಲ್ಲಿ ಅವ್ವನ ಹತ್ತಿರ ಬೆಳೆಯುತ್ತಿದ್ದಳು. ಅವರಿಬ್ಬರ ಪಾಲಿಗೆ ನಾನು ಆಗಲೂ ಅಕ್ಕಿ ಗಿರಣಿಯಲ್ಲೇ ಇದ್ದೆ. ಓಣಿಯಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಯಲಬುರ್ಗಾದಾಕಿ. ಪಕ್ಕದ ಕೋಣೆಯ ನನ್ನ ಗೆಳತಿ ಕುಷ್ಟಗಿಯಾಕಿ.

ಅಲ್ಲಿಗೆ ಬುದ್ಧಿ ಹೇಳುವವರು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದರು, ನಿಂತೇ ಮಾತಾಡುತ್ತಿದ್ದರು, ಕೈಗೊಂದು ಕಾಗದ ಕೊಟ್ಟು ಹೋಗುತ್ತಿದ್ದರು. ಪಾಸ್ಟರಮ್ಮ ಬಂದದ್ದು ಒಂದು ಗುರುವಾರ ಮಧ್ಯಾಹ್ನ, ಕೊಪ್ಪಳದ ಬಸ್ಸಿಳಿದು. ಅವರ ಯಜಮಾನರು ಕೊಪ್ಪಳದ ಒಂದು ಸಣ್ಣ ಚರ್ಚಿನ ಪಾಸ್ಟರ್ ಆಗಿದ್ದವರು. ತೀರಿಕೊಂಡ ಮೇಲೂ ಜನ ಇವರನ್ನು ಪಾಸ್ಟರಮ್ಮ ಎಂದೇ ಕರೆಯುತ್ತಿದ್ದರು. ಬಂದವರೇ ನನ್ನ ಹೊಸ್ತಿಲ ಮೇಲೆ ಧೊಪ್ಪನೆ ಕೂತು, “ಚಾ ಐತೇನವ್ವ?” ಎಂದರು. ಚಾ ಕುಡಿದರು. ಬಿಸಿಲಿನ ಸುದ್ದಿ, ಬಸ್ಸಿನ ಸುದ್ದಿ, ತಮ್ಮ ಮೊಣಕಾಲಿನ ಸುದ್ದಿ ಎಲ್ಲ ಹೇಳಿದರು. ಕೊನೆಗೆ ಎರಡೂ ಕೈ ಚಾಚಿದರು. ನಾನು ಹಿಂದೆ ಮುಂದೆ ನೋಡಿದೆ. ಆರು ವರ್ಷದಲ್ಲಿ ಹೊರಗಿನ ಒಬ್ಬ ಹೆಂಗಸೂ ನನ್ನ ಕೈ ಮುಟ್ಟಿರಲಿಲ್ಲ.

“ಏನ್ ನೋಡ್ತಿ, ಕ್ರೇನ್ ತರಸ್ಲೇನು?” ಎಂದರು.

ಕುಷ್ಟಗಿಯಾಕಿ ಒಂದು ಕೈ, ನಾನೊಂದು ಕೈ ಹಿಡಿದು ಎಬ್ಬಿಸಿದೆವು. ಅವರು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಅಲ್ಲಿಂದ ಒಂದು ಗುರುವಾರವೂ ತಪ್ಪಿಸಲಿಲ್ಲ. ತಿಂಗಳುಗಟ್ಟಲೆ ಬಂದರು, ಚಾ ಕುಡಿದರು, ಹೋದರು. ಈ ಕೆಲಸ ಬಿಡು ಎಂದು ಒಮ್ಮೆಯೂ ಅನ್ನಲಿಲ್ಲ. ಕೊನೆಗೆ ನನಗೇ ತಡೆಯಲಾಗದೆ ಕೇಳಿದೆ: “ಎಲ್ಲಾರೂ ಬುದ್ಧಿ ಹೇಳಾಕ ಬರ್ತಾರ. ನೀವ್ಯಾಕ ಹೇಳಂಗಿಲ್ರಿ ಅಮ್ಮಾರ?”

“ನಂಗ ರೊಟ್ಟಿ ಬಡಿಯಾಕ ಬರಂಗಿಲ್ಲವ್ವ” ಎಂದರು. ನಾನು ಕೇಳಿದ್ದೇನು, ಇವರು ಹೇಳುವುದೇನು. “ನಾ ಕಾರಟಗಿ ಕಡಿ ತೆಲುಗರ ಕ್ಯಾಂಪಿನಾಕಿ, ನಮ್ಮಲ್ಲಿ ಮೂರು ಹೊತ್ತೂ ಅನ್ನ. ಕೊಪ್ಪಳದ ಮಂದಿ ನನ್ನ ರೊಟ್ಟಿ ನೋಡಿ ನಗ್ತಾರ. ನೀ ಬಂದು ಕಲಸ್ತೀಯೇನು?”

ಮುಂದಿನ ಗುರುವಾರ ಅವರ ಜೊತೆ ಬಸ್ಸು ಹತ್ತಿದೆ. ಕೊಪ್ಪಳದ ಜನ ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ. ಅವರು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು, ಹಂಚಿಗೆ ಹೋಗುವ ಮೊದಲೇ ಎರಡು ಹೋಳು. ನಾನು ಹಿಟ್ಟು ನಾದಿ ಒಂದು ಬಡಿದು ಹಾಕಿದೆ. ನನ್ನದು ಎರೆಹೊಲದ ಜೋಳ ತಿಂದು ಬೆಳೆದ ಕೈ. ಆರು ವರ್ಷವಾದರೂ ಮರೆತಿರಲಿಲ್ಲ. ರೊಟ್ಟಿ ಉಬ್ಬಿತು. ಸೆರಗಿನಿಂದ ಕಣ್ಣೊರೆಸಿಕೊಂಡು ‘ಹೊಗಿ ಭಾಳ ಐತ್ರಿ’ ಎಂದೆ. ಅದು ಗ್ಯಾಸಿನ ಒಲೆ.

ಹೀಗೆ ನಾಲ್ಕೈದು ಗುರುವಾರ ಹೋಗಿ ಬಂದೆ. ಆಮೇಲೊಂದು ಗುರುವಾರ ವಾಪಸು ಬಸ್ಸು ಹತ್ತಲಿಲ್ಲ, ಅಷ್ಟೇ. ನನ್ನನ್ನು ಓಣಿಗೆ ತಂದಿದ್ದ ಹೆಂಗಸು ಹುಡುಕಿಕೊಂಡು ಬಂದಳು. ಪಾಸ್ಟರಮ್ಮ ಚರ್ಚಿನ ಗೇಟಿನ ಬಾಯಲ್ಲಿ ನೆಲಕ್ಕೆ ಕೂತುಬಿಟ್ಟರು. “ನನ್ನ ಎಬ್ಬಿಸಿ ಒಳಗ ಹೋಗವ್ವ” ಎಂದರು. ಅವಳು ಆ ಮೈಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಾಸ್ಟರಮ್ಮ ತೆಲುಗಿನಲ್ಲಿ ಶುರು ಮಾಡಿದರು. ಅವರಿಗೆ ಸಿಟ್ಟು ಬರುತ್ತಿದ್ದುದು ತೆಲುಗಿನಲ್ಲಿ ಮಾತ್ರ. ಅವಳು ಮತ್ತೆ ಬರಲಿಲ್ಲ.

ಎರಡು ತಿಂಗಳಿಗೆ ಕುಷ್ಟಗಿಯಾಕಿಯೂ ಬಂದಳು, ಅವಳ ಹಿಂದೆ ಇನ್ನೂ ಮೂವರು. ಚರ್ಚಿನ ಹಿಂದಿನ ಕೋಣೆಯಲ್ಲಿ ನಮ್ಮ ರೊಟ್ಟಿ ಕೇಂದ್ರ ಶುರುವಾಯಿತು. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಖಾನಾವಳಿಗಳಿಗೆ, ಮದುವೆ ಮನೆಗಳಿಗೆ. ಒಲೆ ಹಚ್ಚುವ ಮೊದಲು ಪಾಸ್ಟರಮ್ಮನ ಪ್ರಾರ್ಥನೆ. ಅದು ಉದ್ದವಾದರೆ ಕುಷ್ಟಗಿಯಾಕಿ ‘ಹಿಟ್ಟು ಒಣಗಾಕತ್ತೈತ್ರಿ’ ಎಂದು ಆಮೆನ್ ಹೇಳಿಸುತ್ತಿದ್ದಳು. ಮುರಿದ ರೊಟ್ಟಿಗಳೆಲ್ಲ ಪಾಸ್ಟರಮ್ಮನ ಪಾಲು. ನಾನು ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ, ನನ್ನ ಟ್ರಂಕಿನಲ್ಲಿ ಹುಲಿಗೆಮ್ಮನ ಫೋಟೊ ಇತ್ತು. ಅವರಿಗೆ ಅದು ಗೊತ್ತಿತ್ತು. ವರ್ಷಕ್ಕೊಮ್ಮೆ ‘ಯೇಸಪ್ಪ ಕರ್ಯಾಕತ್ತಾನ, ಯಾವಾಗ ಬರ್ತಿ?’ ಎಂದು ಕೇಳುವರು. ‘ಒಲಿ ಮ್ಯಾಲ ರೊಟ್ಟಿ ಐತ್ರಿ’ ಎನ್ನುವೆ. ಇಬ್ಬರೂ ನಗುವೆವು.

ಇನ್ನು ಅವರು ಮಾಡಿದ ತಪ್ಪಿನ ಮಾತು. ಅದನ್ನು ಬಿಟ್ಟು ಬರೆದರೆ ಅವರೇ ಒಪ್ಪುತ್ತಿರಲಿಲ್ಲ.

ಅವರ ಚರ್ಚಿನಲ್ಲಿ ಸಾಕ್ಷಿ ಹೇಳುವುದೆಂದು ಒಂದು ಪದ್ಧತಿ. ದೇವರು ತನ್ನ ಬದುಕಿನಲ್ಲಿ ಏನು ಮಾಡಿದ ಎಂಬುದನ್ನು ಎದ್ದು ನಿಂತು ಎಲ್ಲರೆದುರು ಹೇಳಬೇಕು. ಒಂದು ಭಾನುವಾರ ದೂರದಿಂದ ಅತಿಥಿಗಳು ಬಂದಿದ್ದರು. ಸಭೆಯ ಹಿರಿಯರು ಸಾಕ್ಷಿ ಕೇಳೋಣ ಎಂದರು. ಪಾಸ್ಟರಮ್ಮನ ಮುಖ ಅರಳಿತು. “ನಮ್ ಹುಡಿಗ್ಯಾರು ಹೇಳ್ತಾರ್ರಿ” ಎಂದು ನನ್ನನ್ನೂ ಕುಷ್ಟಗಿಯಾಕಿಯನ್ನೂ ಎಬ್ಬಿಸಿ ನಿಲ್ಲಿಸಿದರು. ಅವಳು ತಲೆ ತಗ್ಗಿಸಿ ನಿಂತಳು, ಬಾಯಿ ಬಿಡಲಿಲ್ಲ. ನಾನು ಹೇಳಿದೆ. ಜನ ಅಳತೊಡಗಿದ ಮೇಲೆ ನನಗೂ ಹುರುಪು ಬಂತು. ನನ್ನದು ಮುಗಿಸಿ ಅವಳದನ್ನೂ ನಾನೇ ಹೇಳಿದೆ. ಆ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮಂಗಳವಾರದ ಹೊತ್ತಿಗೆ ಎರಡು ಖಾನಾವಳಿಯವರು ರೊಟ್ಟಿ ಬೇಡವೆಂದರು. ಒಂದು ಮದುವೆ ಮನೆಯವರು ಒಯ್ದ ರೊಟ್ಟಿಯನ್ನೇ ತಿರುಗಿ ಕಳಿಸಿದರು. ಕಾರಣ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ಕೈಯ ರೊಟ್ಟಿ ಯಾರೂ ತಿನ್ನದಿದ್ದರೆ ನಮಗೆ ಉಳಿಯುವುದು ಆ ಓಣಿಯೊಂದೇ. ಕುಷ್ಟಗಿಯಾಕಿ ಎರಡು ಸೀರೆ ಗಂಟು ಕಟ್ಟಿಕೊಂಡಳು. “ಅಲ್ಲಿ ಎಲ್ಲಾರೂ ಒಂದ. ಇಲ್ಲಿ ನಾ ಸಾಕ್ಷಿ ಆಗೀನಿ” ಎಂದು ಹೇಳಿ ಗಂಗಾವತಿ ಬಸ್ಸು ಹತ್ತಿದಳು.

ನಾನು ನೆಟ್ಟಗೆ ಪಾಸ್ಟರಮ್ಮನ ಮುಂದೆ ಹೋಗಿ ನಿಂತೆ. “ನಮ್ಮ ಕಥಿ ನಿಮ್ಮ ದೇವರಿಗೆ ಗೊತ್ತಿರಲಿಲ್ಲೇನ್ರಿ? ಮತ್ತ ಮಂದಿಗ್ಯಾಕ ಹೇಳಿಸಿದ್ರಿ?”

ಅವರು ಯೇಸಪ್ಪನ ಹೆಸರೆತ್ತಲಿಲ್ಲ, ತೆಲುಗಿಗೂ ಹೋಗಲಿಲ್ಲ. ಇಷ್ಟೇ ಹೇಳಿದರು: “ತಪ್ಪಾತವ್ವ. ಅದು ನಿಮ್ಮ ಮಾತು, ಹೇಳೂದು ಬಿಡೂದು ನಿಮ್ಮದು. ನಾ ಅದನ್ನ ನನ್ನ ಹೆಮ್ಮಿಗೆ ಬಳಸ್ಕೊಂಡೆ.”

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ಎದ್ದು ನಿಂತು, ಇವತ್ತು ಎಲ್ಲರದೂ ಇಲ್ಲೇ ಊಟ ಎಂದರು. ತಿರುಗಿ ಬಂದಿದ್ದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಮೊದಲ ಎಲೆಗೆ ತಾವೇ ಕೂತರು. ಬಡಿಸಲು ನಿಂತವರು ನಾವು ನಾಲ್ವರು. ಹಿರಿಯರೊಬ್ಬರಿಗೆ ಆಗಲೇ ಉಪವಾಸ ನೆನಪಾಯಿತು, ಇನ್ನೊಬ್ಬರಿಗೆ ಬಸ್ಸು. ಅರ್ಧ ಜನ ಚಪ್ಪಲಿ ಹುಡುಕುತ್ತಿದ್ದರು. ನಾನು ಬುಟ್ಟಿ ಹಿಡಿದು ಪಾಸ್ಟರಮ್ಮನ ಎಲೆಗೆ ಮೊದಲ ರೊಟ್ಟಿ ಹಾಕಿದೆ.

ಚರ್ಚಿನ ಗೋಡೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ. ನಮ್ಮ ಜೋಳ ಬೀಸಿಕೊಡುತ್ತಿದ್ದವರು ಅದರ ಯಜಮಾನರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಪಾಸ್ಟರಮ್ಮ ಅವರಿಗೂ ಊಟಕ್ಕೆ ಹೇಳಿ ಕಳಿಸಿದ್ದರು. ಹುಬ್ಬಿನ ಮೇಲೆ ಹಿಟ್ಟು ಕೂತ ಹಾಗೆಯೇ ಬಂದು ಪಂಕ್ತಿಯಲ್ಲಿ ಕೂತರು. ಮೂರು ರೊಟ್ಟಿ ತಿಂದು, ನಾಲ್ಕನೆಯದು ಮುರಿಯುತ್ತ, “ಮಗಳ ಶಾದಿ ಐತಿ. ಎರಡು ಸಾವಿರ ರೊಟ್ಟಿ ಮಾಡಿ ಕೊಡ್ತೀರೇನು?” ಎಂದರು.

ಸುಮ್ಮನಿರಬೇಕಾಗಿತ್ತು. ಆದರೆ ನನಗೆ ಹೆದರಿಕೆ, ಇದೂ ನಾಳೆ ತಿರುಗಿ ಬಂದರೆ? “ಚಾಚಾ, ನಾವ್ಯಾರಂತ ನಿಮಗ ಯಾರರ ಹೇಳ್ಯಾರೇನ್ರಿ?” ಎಂದೆ.

“ಎರಡು ವರ್ಷದಿಂದ ನಿಮ್ಮ ಜ್ವಾಳ ಬೀಸಾಕತ್ತೀನಿ ಬೇಟಿ” ಎಂದರು. “ಗಂಗಾವತಿ ಮಂದಿ ನನ್ನ ಗಿರಣಿಗೂ ಬರ್ತಾರ. ನಂಗ ಮೊದಲ ಗೊತ್ತಿತ್ತು. ಹೇಳೂ ಮಾತಲ್ಲ ಅಂತ ಸುಮ್ನಿದ್ದೆ. ಒಂದೀಟು ಪಲ್ಯ ಹಾಕು.”

ಪಾಸ್ಟರಮ್ಮ ಎಲೆಯಿಂದ ತಲೆ ಎತ್ತಲಿಲ್ಲ. ಚಪ್ಪಲಿ ಹುಡುಕುತ್ತಿದ್ದವರಲ್ಲಿ ಐದಾರು ಜನ ಬಂದು ಕೂತರು. ಎಲ್ಲರೂ ಅಲ್ಲ. ಆದರೆ ಆ ಮದುವೆಯಲ್ಲಿ ಉಂಡವರಿಂದ ಹಿಟ್ನಾಳದ ಒಂದು ಮನೆಯವರು ಬಂದರು, ಅವರಿಂದ ಇನ್ನೊಬ್ಬರು, ಹೀಗೆ ಕೇಂದ್ರ ಉಳಿಯಿತು. ಮುಂದೆ ಯಾವ ಅತಿಥಿ ಬಂದು ಸಾಕ್ಷಿ ಕೇಳಿದರೂ ಪಾಸ್ಟರಮ್ಮ ಅವರ ಮುಂದೆ ತಟ್ಟೆ ಇಡುತ್ತಿದ್ದರು. “ರೊಟ್ಟಿ ತಿನ್ರಿ, ಚಟ್ನಿ ಹಚ್ಚಿಕೊಳ್ರಿ” ಎನ್ನುವರು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ.

ನನ್ನ ಮಗಳಿಗೆ ಇದನ್ನೆಲ್ಲ ಹೇಳಬೇಕೋ ಬೇಡವೋ ಎಂದು ಒಂದು ವರ್ಷ ಒದ್ದಾಡಿದೆ. ಪಾಸ್ಟರಮ್ಮನನ್ನು ಕೇಳಿದರೆ “ನಿನ್ನ ಮಾತಿನ್ಯಾಗ ನಾ ಇನ್ನೊಮ್ಮಿ ಕೈ ಹಾಕಂಗಿಲ್ಲ” ಎಂದರು. ಕೊನೆಗೆ ನಾನೇ ಯಲಬುರ್ಗಾಕ್ಕೆ, ಅವಳ ಹಾಸ್ಟೆಲಿಗೆ ಹೋಗಿ ಹೇಳಿದೆ. ಅವಳು ಬಹಳ ಹೊತ್ತು ನನ್ನ ತೊಡೆಯ ಮೇಲೆ ಮುಖವಿಟ್ಟುಕೊಂಡಿದ್ದಳು. ಆಮೇಲೆ ಎದ್ದು ಮೂಗೊರೆಸಿಕೊಂಡು “ರೊಟ್ಟಿ ತಂದಿಯೇನವ್ವ?” ಎಂದಳು. ಕೊಪ್ಪಳಕ್ಕೆ ಬಂದು ಇದನ್ನು ಹೇಳಿದಾಗ ಪಾಸ್ಟರಮ್ಮ ನನಗಿಂತ ಹೆಚ್ಚು ಅತ್ತರು.

ಅವರ ಮನಸ್ಸಿನಲ್ಲಿ ಕೊರಗಾಗಿ ಉಳಿದದ್ದು ಕುಷ್ಟಗಿಯಾಕಿ ಒಬ್ಬಳೇ. ಪ್ರತಿ ಗುರುವಾರ ಗಂಗಾವತಿಗೆ ಹೋಗಿ ಅವಳ ಹೊಸ್ತಿಲ ಮೇಲೆ ಕೂರುತ್ತಿದ್ದರು. ಅವಳು ಚಾ ಕೊಡುತ್ತಿದ್ದಳು, ಕೈ ಹಿಡಿದು ಎಬ್ಬಿಸುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು. “ಇವತ್ತ ಏನಂದ್ಲ್ರಿ?” ಎಂದು ಕೇಳಿದರೆ “ಚಾಕ್ಕ ಶುಂಠಿ ಹಾಕಿದ್ದಳವ್ವ” ಎನ್ನುವರು, ಅದೇ ದೊಡ್ಡ ಸುದ್ದಿಯೆಂಬಂತೆ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಪಾಸ್ಟರಮ್ಮ ಪ್ರಾರ್ಥನೆಗೆ ಕೂತವರು ಏಳಲಿಲ್ಲ. ಕೈ ಚಾಚಲೂ ಇಲ್ಲ. ಎದೆ ನಿಂತುಹೋಗಿತ್ತು.

ಪೆಟ್ಟಿಗೆ ಹೊರುವುದು ಗಂಡಸರ ಕೆಲಸ. ಆರು ಜನ ಹೊತ್ತು ತಂದರು. ಸ್ಮಶಾನದ ಗೇಟಿನಲ್ಲಿ ದಣಿವಾರಿಸಿಕೊಳ್ಳಲೆಂದು ಕೆಳಗಿಳಿಸಿದ್ದೇ ತಡ, ಮತ್ತೆ ಎತ್ತಲಾಗದೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಅಳುತ್ತಿದ್ದ ನನಗೆ ನಗು ಬಂತು. ಅಷ್ಟರಲ್ಲಿ ಬೇವಿನ ಮರದ ಕೆಳಗೆ ಸೆರಗು ಹೊದ್ದು ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದಳು. ಕುಷ್ಟಗಿಯಾಕಿ.

“ಸರೀರಿ ಅತ್ತಾಗ” ಎಂದಳು ಗಂಡಸರಿಗೆ. “ಅವರ್ನ ಎಬ್ಬಸೂದು ನಮಗ ಗೊತ್ತೈತಿ.”

ಅವಳು ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದಳು, ನಾನೊಂದು ಹಿಡಿದೆ, ಉಳಿದವಕ್ಕೆ ನಮ್ಮ ಕೇಂದ್ರದವರು ಕೈ ಹಚ್ಚಿದರು. ಪೆಟ್ಟಿಗೆ ಮೇಲೆದ್ದಿತು. ಹಿರಿಯರು ಯಾರೂ ಬೇಡ ಎನ್ನಲಿಲ್ಲ.

ಮಣ್ಣು ಕೊಟ್ಟ ಮೇಲೆ ಅವಳು ಬಸ್ ಸ್ಟ್ಯಾಂಡಿನ ಕಡೆ ಹೋಗಲಿಲ್ಲ, ನಮ್ಮ ಜೊತೆಗೇ ಬಂದಳು. ಅವಳ ಮುಂದೆ ಎರಡೂ ಕೈ ಜೋಡಿಸಿ ತಪ್ಪಾಯಿತೆಂದೆ. “ನಾಕು ವರ್ಷ ಬೇಕಾತೇನ ನಿನಗ ಇಷ್ಟ ಹೇಳಾಕ?” ಎಂದು ಬೈದಳು. ಮರುದಿನ ಬೆಳಗ್ಗೆ ಹಿಟ್ಟು ನಾದುತ್ತ ಕೂತಿದ್ದಳು.

ಈಗ ಗುರುವಾರದ ಗಂಗಾವತಿ ಬಸ್ಸು ಹತ್ತುವುದು ನಾನು. ಅದೇ ಓಣಿ, ಹೊಸ ಹೆಂಗಸರು. ಹೊಸ್ತಿಲ ಮೇಲೆ ಕೂತು ಚಾ ಕೇಳುತ್ತೇನೆ. ನನ್ನ ಮೊಣಕಾಲು ದೇವರ ದಯದಿಂದ ಗಟ್ಟಿಯಾಗಿವೆ, ಯಾರ ಆಸರೆಯೂ ಬೇಕಿಲ್ಲ. ಆದರೂ ಏಳುವ ಹೊತ್ತಿಗೆ ಎರಡೂ ಕೈ ಚಾಚುತ್ತೇನೆ. “ಎಬ್ಬಿಸವ್ವ, ಒಂದೀಟು” ಎನ್ನುತ್ತೇನೆ.