ಬರೆದು ಮುಗಿಯುವ ಮುನ್ನ ಇಳಿದ ಗುರುತು

ಆಂಡರ್ಸನ್‌ಪೇಟೆಯ ಕಂಪ್ಯೂಟರ್ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಎಂಜಿನಿಯರಮ್ಮನ ಕುರ್ಚಿಯ ಹಿಂದೆ ನಾನು ನಿಂತಿದ್ದೆ. ತೊಂಬತ್ತರ ದಶಕದ ನಡುವಿನ ಒಂದು ಸೋಮವಾರ. ಮಧ್ಯಾಹ್ನದ ಪಾಳಿಯ ಸೈರನ್ ಆಗಷ್ಟೇ ನಿಂತಿತ್ತು.

ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಆ ಅದುರನ್ನು ದಾಖಲಿಸುವ ಕಂಪ್ಯೂಟರ್ ನಮ್ಮದು. ಹಿಂದಿನ ವಾರ ಬಂಡೆ ಕೊರೆಯುವ ಒಬ್ಬ ಡ್ರಿಲ್ಲರ್ ಕೆಳಗೆ ಸತ್ತಿದ್ದ. ಬಂಡೆ ತಾನಾಗಿ ಸಿಡಿಯಿತೋ, ಅವನೇ ಮದ್ದನ್ನು ಎಚ್ಚರವಿಲ್ಲದೆ ಸಿಡಿಸಿದನೋ ಎಂದು ವಿಚಾರಣೆ ನಡೆದಿತ್ತು. ತಪ್ಪು ಅವನದಾದರೆ ಹೆಂಡತಿ ಗಣಿಯವರು ಕೊಟ್ಟ ಲೈನಿನ ಮನೆ ಬಿಡಬೇಕು. ಉತ್ತರ ನಮ್ಮ ಡಿಸ್ಕಿನಲ್ಲಿರಬೇಕಿತ್ತು. ಆದರೆ ಆ ದಿನದ ಅದುರು ಇರಬೇಕಾದ ಜಾಗದಲ್ಲಿ ಪ್ರಿಂಟರಿಗೆ ಹೋಗಬೇಕಿದ್ದ ಯಾವುದೋ ಅಕ್ಷರಗಳಿದ್ದವು. ಸತ್ತವನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು.

ಎಂಜಿನಿಯರಮ್ಮ ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದರು. ಕರ್ನಲ್‌ಗೆ, ಅಂದರೆ ಮೆಮೊರಿಯನ್ನು ಹಂಚಿಕೊಡುವ ಮೂಲ ಪ್ರೋಗ್ರಾಮಿಗೆ, ಈಚೆಗೆ ಮಾಡಿದ್ದ ಬದಲಾವಣೆಯನ್ನು ಅವರು ಸಾಲು ಸಾಲಾಗಿ ಪರಿಶೀಲಿಸುತ್ತಿದ್ದರು. ಮೆಮೊರಿಯ ಪ್ರತಿ ಪುಟಕ್ಕೂ, ಅಂದರೆ ಪ್ರತಿ ತುಂಡಿಗೂ, ಮೊದಲು ಎರಡು ಗುರುತುಗಳಿದ್ದವು: ಇನ್ನೂ ಡಿಸ್ಕಿಗೆ ಬರೆದಿಲ್ಲ ಎಂಬುದೊಂದು, ಈಗ ಬರೆಯುತ್ತಿದೆ ಎಂಬುದೊಂದು. ವೇಗಕ್ಕಾಗಿ ಎರಡನೆಯದನ್ನು ತೆಗೆದುಹಾಕಲಾಗಿತ್ತು. ಮೊದಲನೆಯದೋ, ಬರೆಯಲು ಶುರುವಾದೊಡನೆ ಇಳಿಯುತ್ತಿತ್ತು. ಗುರುತಿಲ್ಲದ ಪುಟ ಬಿಡುವಾಗಿದೆ ಎಂದುಕೊಂಡು ಕರ್ನಲ್ ಅದನ್ನು ಬೇರೆ ಕೆಲಸಕ್ಕೆ ಕೊಟ್ಟಿತ್ತು. ಬರವಣಿಗೆ ಇನ್ನೂ ಮುಗಿದಿರಲಿಲ್ಲ; ಅದುರಿನ ಬದಲು ಪ್ರಿಂಟರಿನ ಅಕ್ಷರಗಳೇ ಡಿಸ್ಕಿಗೆ ಹೋದವು.

ಬದಲಾವಣೆ ಮಾಡಿದವನು ಅಲ್ಲೇ ಪಕ್ಕದಲ್ಲಿ ನಿಂತಿದ್ದ ನಮ್ಮ ಜೊತೆಗಾರ. ಕಂಪ್ಯೂಟರ್ ಕಲಿಯುವ ಮೊದಲು ಗಣಿಗೆ ಇಳಿಯುವ ಶಾಫ್ಟಿನ ಬಾಯಲ್ಲಿ, ಕೆಳಗಿಳಿದವರ ಲೆಕ್ಕಕ್ಕೆ ಮೊಳೆಗೆ ತೂಗುಹಾಕುವ ಟೋಕನ್ ನೋಡಿಕೊಳ್ಳುತ್ತಿದ್ದ. ಕೆಳಗಿನಿಂದ ಗಂಟೆ ಬಂತೆಂದರೆ, ಆಳುಗಳನ್ನು ಹೊತ್ತ ಕೇಜು ಮೇಲೆ ಮುಟ್ಟುವ ಮೊದಲೇ, ಆ ತಂಡದ ಟೋಕನ್‌ಗಳನ್ನು ಮೊಳೆಯಿಂದ ಇಳಿಸುವುದು ಅಲ್ಲಿನ ರೂಢಿ. ಕೇಜು ಹತ್ತಿದವರು ಬಂದೇ ಬರುತ್ತಾರೆ ಎಂಬ ನಂಬಿಕೆ.

“ಏನ್ಲಾ, ಡಿಸ್ಕನ್ನೂ ಕೇಜು ಅಂದ್ಕೊಂಡ್ಯಾ?” ಎಂದರು ಎಂಜಿನಿಯರಮ್ಮ. ಮುಖದಲ್ಲಿ ನಗುವಿರಲಿಲ್ಲ.

ಅವನು ಆ ಸಾಲನ್ನು ಮತ್ತೆ ಓದಿದ. ಹೋದ ಪುಟ ಇನ್ನು ಸಿಗುವುದಿಲ್ಲ ಎಂದು ಮೆಲ್ಲಗೆ ಹೇಳಿದ.

ಅವಳನ್ನು ಒಳಗೆ ಕರೆದರು. ದಾಖಲೆ ಇಲ್ಲ ಎಂದು ಎಂಜಿನಿಯರಮ್ಮನೇ ತಿಳಿಸಿದರು. ಅವಳು ಪರದೆಯನ್ನು ನೋಡಿದಳು.

“ಅವತ್ತು ನಮ್ ಲೈನಲ್ಲಿ ಗೂಡಲ್ಲಿದ್ದ ತಟ್ಟೆಗಳೆಲ್ಲಾ ಕೆಳಗ್ ಬಿದ್ದೋದ್ವು. ನಿಮ್ ಮಿಷಿನ್ಗೆ ಗೊತ್ತಾಗ್ನೇ ಇಲ್ವಾ ಅಮ್ಮ?”

“ಗೊತ್ತಾಯ್ತು ಕಣಮ್ಮ. ಬರ್ಕೊಳ್ಳೋವಾಗ ಕಳ್ಕೊಂತು.”

ಎಂಜಿನಿಯರಮ್ಮ ಇದನ್ನೇ ವಿಚಾರಣೆಯ ಮುಂದೆಯೂ ಹೇಳಿದರು. ಅದುರಿನ ಗೆರೆ ತೋರಿಸಿ ಎಂದರು ವಿಚಾರಣೆಯವರು. ತೋರಿಸಲು ಏನೂ ಇರಲಿಲ್ಲ. ತಪ್ಪು ಸತ್ತವನದೇ ಎಂದು ತೀರ್ಮಾನವಾಯಿತು.

ಆ ಮಧ್ಯಾಹ್ನ ಕೋಣೆಯಲ್ಲಿದ್ದವರಲ್ಲಿ ಎಂಜಿನಿಯರಮ್ಮ ಈಗಿಲ್ಲ. ಬದಲಾವಣೆ ಮಾಡಿದವನು ಬೇತಮಂಗಲದಲ್ಲಿದ್ದಾನೆ. ಡ್ರಿಲ್ಲರನ ಹೆಂಡತಿ ಲೈನಿನ ಮನೆ ಬಿಟ್ಟು ಹೋದವಳು ಕಾಮಸಮುದ್ರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಮತ್ತೆ ನಾನು, ಇದನ್ನು ಬರೆದಿಡುತ್ತಿದ್ದೇನೆ.